ಬೆಟ್ಟದ ಮೇಲೆ ನಿಂತಿದ್ದ ರಾಜ

"ರೀ, ನೀರು ಜಾಸ್ತಿ ಕಾದಿದ್ಯಾ?" ಎಂದು ಶೀಲಾ ಅಡುಗೆಮನೆಯಿಂದ ಕೇಳಿದಾಗಲೇ ತ್ರಿವಿಕ್ರಮನಿಗೆ ತಾನು ಮತ್ತೆ ಕಿರುಚಿದ್ದು ಗೊತ್ತಾದದ್ದು. ಹೂಂ, ಸ್ವಲ್ಪ, ಎಂದ. ಹಂಡೆಯ ನೀರು ಉಗುರುಬೆಚ್ಚಗೂ ಇರಲಿಲ್ಲ. ತಲೆಯ ಮೇಲಕ್ಕೆ ಎತ್ತಿದ ಚೊಂಬು ಎತ್ತಿದ ಹಾಗೇ ಇತ್ತು, ಕಾಲು ಅಗಲಿಸಿ ನಿಂತಿದ್ದ, ಗಂಟಲಿನಲ್ಲಿ ಆ ಕೂಗಿನ ಬಾಲ ಇನ್ನೂ ಅಲ್ಲಾಡುತ್ತಿತ್ತು. ನಲವತ್ತು ದಾಟಿದ, ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ, ಬೀದಿಯಲ್ಲಿ ನಾಯಿ ಎದುರಾದರೂ ಪಕ್ಕಕ್ಕೆ ಸರಿದು ದಾರಿ ಬಿಡುವ ಮನುಷ್ಯ, ಭಾನುವಾರ ಬೆಳಿಗ್ಗೆ ವಿನೋಬನಗರದ ಬಚ್ಚಲುಮನೆಯಲ್ಲಿ ಮೈಮೇಲೆ ನೂಲಿನೆಳೆಯೂ ಇಲ್ಲದೆ ನಿಂತು, ತಾಮ್ರದ ಚೊಂಬನ್ನು ಖಡ್ಗದ ಹಾಗೆ ಹಿಡಿದು, ಯಾವುದೋ ಹಿಮದ ಬೆಟ್ಟದ ಕಡೆಗೆ ಕೂಗುತ್ತಾನೆ ಅಂದರೆ ಏನು ಹೇಳುವುದು. ಥೂ ಅಂದುಕೊಂಡ. ನಿಜವಾಗಿಯೂ ನಾಚಿಕೆಯಾಯಿತು. ನೀರು ಹೊಯ್ದುಕೊಂಡ. ಆದರೆ ಎರಡನೇ ಚೊಂಬಿಗೆ ಕಾಲು ಮತ್ತೆ ತಾನಾಗಿಯೇ ಅಗಲವಾಯಿತು.

ಇವತ್ತಾದರೂ ಹೀಗಾಗಬಾರದಾಗಿತ್ತು. ಮಧ್ಯಾಹ್ನ ಭದ್ರಾವತಿಯಲ್ಲಿ ಗಮಕ ಇತ್ತು. ಗಮಕ ಅಂದರೆ ಇಬ್ಬರ ಕೆಲಸ: ಒಬ್ಬರು ಕಾವ್ಯದ ಪದ್ಯವನ್ನು ರಾಗ ಹಾಕಿ ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಓದುವವಳು ಭವಾನಕ್ಕ, ಅರ್ಥ ಹೇಳುವವನು ತ್ರಿವಿಕ್ರಮ. ಅವನು ಹುಡುಗನಾಗಿದ್ದಾಗಿನಿಂದ ಹೀಗೇ ನಡೆದುಕೊಂಡು ಬಂದದ್ದು, ಸಾಯುವ ತನಕ ಹೀಗೇ ನಡೆಯುತ್ತದೆ ಎಂದು ಅವನು ನಂಬಿಕೊಂಡಿದ್ದ. ಹೋದ ವಾರ ಬಸ್ಸಿಂದ ಇಳಿದು ಮನೆ ಕಡೆ ನಡೆಯುವಾಗ ಭವಾನಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಯುವ ದನಿಯಲ್ಲೂ ಅಲ್ಲ, ತರಕಾರಿ ಬೆಲೆ ಹೇಳುವ ದನಿಯಲ್ಲಿ ಹೇಳಿದ್ದಳು. "ನೋಡು ಮಾರಾಯ, ನೀನು ರಥ ಅಂದ್ರೆ ಶರೀರ ಅಂತೀಯ. ಕುದುರೆ ಅಂದ್ರೆ ಇಂದ್ರಿಯ ಅಂತೀಯ. ಖಡ್ಗ ಅಂದ್ರೆ ವಿವೇಕ ಅಂತೀಯ. ಹಂಗಾದ್ರೆ ಯುದ್ಧಕ್ಕೆ ಹೋಗೋರು ಯಾರೋ? ನಾನು ಅಷ್ಟು ಹೊತ್ತು ಬಾಯಿ ಬಡ್ಕೊಂಡು ರಣರಂಗ ಕಟ್ಟಿರ್ತೀನಿ, ನೀನು ಬಂದು ಕಸಬರಿಗೆ ತಗೊಂಡು ಗುಡಿಸಿಬಿಡ್ತೀಯ. ಬರೋ ವಾರಾನೂ ಹಿಂಗೇ ಆದ್ರೆ ಹೊಳೆಹೊನ್ನೂರಿನ ಪ್ರಣವನ್ನ ಕರೀತೀನಿ, ಬೇಜಾರ್ ಮಾಡ್ಕೋಬೇಡ." ಪ್ರಣವ ಅಂದರೆ ಇಪ್ಪತ್ತೈದರ ಹುಡುಗ, ಆರಡಿ ಎತ್ತರ, ದನಿ ಎತ್ತಿದರೆ ಗಂಟೆ ಹೊಡೆದ ಹಾಗೆ. ಬೇಜಾರೇನೂ ಇಲ್ಲ ಭವಾನಕ್ಕ ಎಂದು ತ್ರಿವಿಕ್ರಮ ಹೇಳಿ ಮನೆಗೆ ಬಂದು, ಊಟ ಮಾಡದೆ ಮಲಗಿದ್ದ. ವಾರದಲ್ಲಿ ಆ ಎರಡು ಗಂಟೆ ಬಿಟ್ಟರೆ ಅವನ ಮಾತನ್ನು ಯಾರೂ ಕೂತು ಕೇಳುತ್ತಿರಲಿಲ್ಲ. ಕಾಲೇಜಿನಲ್ಲಿ ಹುಡುಗರು ಕೂತಿರುತ್ತಿದ್ದರು, ಕೇಳುತ್ತಿರಲಿಲ್ಲ. ಮನೆಯಲ್ಲಿ ಶೀಲಾ ಕೇಳುತ್ತಿದ್ದಳು, ಕೂರುತ್ತಿರಲಿಲ್ಲ.

ಭವಾನಕ್ಕ ಹೇಳಿದ್ದು ಸರಿ ಎಂಬುದೇ ಅವನನ್ನು ಕೊರೆಯುತ್ತಿದ್ದದ್ದು. ಎಂ.ಎ. ಓದುವಾಗ ಮೇಷ್ಟರೊಬ್ಬರು, ಕಾವ್ಯದಲ್ಲಿ ಯಾವುದೂ ಅದೇ ಆಗಿರುವುದಿಲ್ಲ ಎಂದಿದ್ದರು. ಅವತ್ತಿನಿಂದ ಇವನಿಗೆ ಕತ್ತಿ ಗುರಾಣಿಗಳನ್ನು ಕಂಡರೆ ಒಂಥರಾ ಮುಜುಗರ. ಒಬ್ಬ ಸೇನಾಪತಿ ತೊಡೆ ತಟ್ಟಿದ ಅಂತ ನಾಲ್ಕು ಜನ ವಿದ್ಯಾವಂತರ ಎದುರು ಹೇಳುವುದು ಹೇಗೆ? ಹಾಗಾಗಿ ತೊಡೆ ತಟ್ಟುವುದು ಅಹಂಕಾರದ ಸಂಕೇತ ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟು ಮುಂದೆ ಹೋಗುತ್ತಿದ್ದ. ಜೊತೆಗೆ ಆ ಹೆಸರು ಬೇರೆ. ಮೂರು ಲೋಕ ಅಳೆದವನ ಹೆಸರಿಟ್ಟುಕೊಂಡು ಐದಡಿಗೆ ನಿಂತುಬಿಟ್ಟಿದ್ದ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎಂದು ಅವನ ಸ್ವಂತ ಸೋದರಮಾವ ಮದುವೆ ಪಂಕ್ತಿಯಲ್ಲಿ ಹೇಳಿ ನಗಿಸಿದ್ದ. ಭದ್ರಾವತಿಯ ಭಜನಾ ಮಂದಿರದಲ್ಲಿ ಒಂದು ಮೈಕ್ ಸ್ಟ್ಯಾಂಡ್ ಇತ್ತು, ಅದರ ಕುತ್ತಿಗೆಯ ತಿರುಪು ಸಡಿಲ. ಕಾರ್ಯಕ್ರಮದ ಶುರುವಿನಲ್ಲಿ ಅದನ್ನು ಇವನ ಎತ್ತರಕ್ಕೆ ಇಳಿಸುತ್ತಿದ್ದರು, ಅದೇ ಒಂದು ಅವಮಾನ. ಆಮೇಲೆ ಅದು ತಾನಾಗಿಯೇ, ಮೆಲ್ಲಗೆ, ಇನ್ನೂ ಇಳಿಯುತ್ತಿತ್ತು. ಇವನೂ ಅದರ ಜೊತೆ ಬಗ್ಗುತ್ತಿದ್ದ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಧರ್ಮ ಅರ್ಥ ಕಾಮ ಮೋಕ್ಷಗಳನ್ನು ಹೆಚ್ಚುಕಡಿಮೆ ತನ್ನ ಮೊಣಕಾಲಿಗೇ ಹೇಳುತ್ತಿದ್ದ.

ಬಚ್ಚಲಿನ ಆ ಕೂಗಿಗೆ ಮೂಲವಾದ ಕ್ಯಾಸೆಟ್ಟಿನದು ಬೇರೆಯೇ ಕತೆ. ಮಳೆಗಾಲಕ್ಕೆ ಮುಂಚೆ, ಭವಾನಕ್ಕನ ಅಭ್ಯಾಸ ರೆಕಾರ್ಡ್ ಮಾಡಿಕೊಂಡರೆ ಅರ್ಥ ತಯಾರಿ ಮಾಡಲಿಕ್ಕೆ ಅನುಕೂಲ ಎಂದು ಗಾಂಧಿ ಬಜಾರಿಗೆ ಖಾಲಿ ಕ್ಯಾಸೆಟ್ ತರಲು ಹೋಗಿದ್ದ. ಅಂಗಡಿಯವನು ಖಾಲಿಯದರ ಬದಲು ಯಾರೋ ಬಳಸಿ ಬಿಟ್ಟದ್ದನ್ನು ಮುಂದಿಟ್ಟ. "ಇದ್ರ ಮೇಲೆ ಮಾಡ್ಕೊಳ್ಳಿ ಸಾರ್, ಫಾರಿನ್ ಮಾಲು, ರೀಲು ಗಟ್ಟಿ. ಮೂಲೆ ತೂತಿಗೆ ಕಾಗದ ಅಂಟಿಸಿದ್ರೆ ರೆಕಾರ್ಡ್ ಆಗುತ್ತೆ." ಇದರಲ್ಲಿ ಏನಿದೆ ಎಂದು ಇವನು ಕೇಳಿದ. "ಹೆವಿ ಮೆಟಲ್ ಅಂತಾರೆ ಸಾರ್. ಹಳೇ ಸ್ಟೈಲಿಂದು. ಕತ್ತಿ, ಕುದುರೆ, ರಾಜ, ಎಲ್ಲ ಬರುತ್ತೆ. ಯಾರೂ ತಗೊಳ್ಳಲ್ಲ," ಎಂದ. ಮೇಲಿನ ಚೀಟಿ ಹರಿದು ಹೋಗಿತ್ತು, ಹಾಡಿದವರು ಯಾರು ಎಂದು ತ್ರಿವಿಕ್ರಮನಿಗೆ ಇವತ್ತಿಗೂ ಗೊತ್ತಿಲ್ಲ. ಮನೆಗೆ ತಂದು, ಅಳಿಸುವ ಮೊದಲು ಒಮ್ಮೆ ಕೇಳೋಣ ಎಂದು ವಾಕ್‌ಮನ್‌ಗೆ ಹಾಕಿದ. ಮೊದಲ ಸಲ ನಗು ಬಂತು. ಆ ಗಾಯಕ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವನ ಹಾಗೆ ಕೂಗುತ್ತಿದ್ದ. ಎರಡನೇ ಸಲ ಯಾಕೆ ಹಾಕಿದೆ ಎಂದು ಅವನಿಗೇ ತಿಳಿಯಲಿಲ್ಲ. ಮೂರನೇ ಸಲ ಕೈ ಮೇಲಿನ ಕೂದಲು ನಿಂತವು.

ಮೊದಲು ಗಾಳಿಯ ಸದ್ದು. ಆಮೇಲೆ ಒಂದೇ ಒಂದು ಗಿಟಾರು, ನಿಧಾನ, ಅವಸರವೇ ಇಲ್ಲ, ಭಾರದ ಬಾಗಿಲನ್ನು ಯಾರೋ ಒಬ್ಬರೇ ತಳ್ಳುತ್ತಿರುವ ಹಾಗೆ. ಬಾಗಿಲು ತೆರೆದದ್ದೇ ಡ್ರಮ್ಮು ಬಂದು ಬೀಳುತ್ತದೆ, ಕುದುರೆಗಳು ಹೊರಡುತ್ತವೆ, ಡುಗುಡುಗು ಡುಗುಡುಗು, ಎರಡು ಗಿಟಾರುಗಳು ಒಂದೇ ರಾಗವನ್ನು, ಆರತಿ ಹಾಡುವ ಇಬ್ಬರು ಹೆಂಗಸರಂತೆ, ಒಂದು ಮೇಲೆ ಒಂದು ಕೆಳಗೆ ಹಿಡಿದು ಜೊತೆಯಾಗಿ ಹೋಗುತ್ತವೆ. ನಡುವೆ ಐದಾರು ಗಂಡಸರು ಒಟ್ಟಿಗೆ ಓ ಎನ್ನುತ್ತಾರೆ, ಬೇರೆ ಮಾತೇ ಇಲ್ಲ, ಬರೀ ಓ. ಇಂಗ್ಲಿಷ್ ಹಾಡು, ಅದೂ ಆ ಕೂಗಿನಲ್ಲಿ, ಅವನ ಕಿವಿಗೆ ಸಿಕ್ಕಿದ್ದು ಆರೇಳು ಪದ. ರಾಜ, ಅಪ್ಪ, ಖಡ್ಗ, ಹಿಮ, ಬೆಟ್ಟ, ಸಾವು. ಅರ್ಥ ಹೇಳುವುದೇ ಕಸುಬಾದವನಿಗೆ ಅಷ್ಟು ಸಾಕು, ಉಳಿದದ್ದನ್ನು ತಾನೇ ತುಂಬಿಕೊಂಡ. ಆದರೆ ಅವನನ್ನು ಹಿಡಿದು ಕೂರಿಸಿದ್ದು ಅರ್ಥವಲ್ಲ. ಆ ಕೂಗುವವನಿಗೆ ನಾಚಿಕೆ ಎಂಬುದೇ ಇರಲಿಲ್ಲ. ಬೆಳೆದ ಗಂಡಸು, ಬಹುಶಃ ಮನೆ ಮಕ್ಕಳು ಇರುವವನು, ಖಡ್ಗ ಎಂದು ಕೂಗುತ್ತಾನೆ, ಖಡ್ಗವೆಂದೇ ಕೂಗುತ್ತಾನೆ, ಯಾರಾದರೂ ನಕ್ಕಾರು ಎಂದು ಒಂದು ಕ್ಷಣವೂ ಹಿಂದೆ ತಿರುಗಿ ನೋಡುವುದಿಲ್ಲ. ಅದನ್ನು ಕೇಳುತ್ತಾ ಕೇಳುತ್ತಾ ತ್ರಿವಿಕ್ರಮನ ಬೆನ್ನು ನೇರವಾಗುತ್ತಿತ್ತು. ರೇಷನ್ ಅಂಗಡಿಯ ಸಾಲಿನಲ್ಲಿ ಇವನನ್ನು ದಾಟಿ ಮುಂದೆ ಹೋದವರು, ಪ್ರಿನ್ಸಿಪಾಲರ ಕೋಣೆಯಲ್ಲಿ ಕೂರಿ ಎಂದು ಹೇಳದೆ ಮಾತಾಡಿಸಿದ್ದು, ಎಲ್ಲವೂ ಕುದುರೆಗಳ ಕೆಳಗೆ ಹೋಗಿಬಿಡುತ್ತಿತ್ತು. ಎಷ್ಟೋ ವರ್ಷದ ಹಿಂದೆ, ಅಂಗಿ ಚಡ್ಡಿಯ ವಯಸ್ಸಿನಲ್ಲಿ, ಅಜ್ಜನ ಪಕ್ಕ ಕೂತು ಮೊದಲ ಸಲ ಯುದ್ಧದ ಸಂಧಿ ಕೇಳಿದಾಗ ಹೀಗೇ ಆಗಿತ್ತು. ಅದು ಈಗ ಭವಾನಕ್ಕನಿಂದ ಬರುವುದಿಲ್ಲ, ಈ ಕಿರುಚುವವನಿಂದ ಬರುತ್ತದೆ ಎಂಬುದು ಅವನಿಗೆ ಕಳ್ಳತನದಂತೆ ಅನ್ನಿಸುತ್ತಿತ್ತು. ಸರಸ್ವತಿಗೆ ಕೈ ಮುಗಿಯುವಾಗ ಕಣ್ಣು ತಪ್ಪಿಸುತ್ತಿದ್ದ.

ಇನ್ನೊಂದು ಪಾಪವೂ ಇತ್ತು. ಕೇಳುವ ಮೊದಲ ಉಮೇದಿನಲ್ಲಿ, ಎರಡನೇ ಬದಿಯನ್ನು ಪೂರ್ತಿ ಕೇಳದೆಯೇ, ಅದರ ಅರ್ಧದಿಂದ ಭವಾನಕ್ಕನ ಅಭ್ಯಾಸ ರೆಕಾರ್ಡ್ ಮಾಡಿಬಿಟ್ಟಿದ್ದ. ಆ ಬದಿಯಲ್ಲಿದ್ದದ್ದೇ ರಾಜನ ಹಾಡು. ರಾಜ ಅಪ್ಪನ ಖಡ್ಗ ತೆಗೆದುಕೊಂಡು ಒಬ್ಬನೇ ಹಿಮದ ಬೆಟ್ಟ ಹತ್ತುತ್ತಾನೆ, ತುದಿಯಲ್ಲಿ ನಿಂತು ಖಡ್ಗ ಎತ್ತುತ್ತಾನೆ, ಆ ದೊಡ್ಡ ಕೂಗು ಹಾಕುತ್ತಾನೆ, ಕೂಗು ಇನ್ನೂ ಗಾಳಿಯಲ್ಲಿರುವಾಗಲೇ ಟಕ್ ಎಂದು ಸದ್ದಾಗಿ, "ಆಗ್ತಿದ್ಯೇನೋ ರೆಕಾರ್ಡು? ಕೆಂಪು ದೀಪ ಹತ್ತಿದ್ಯಾ?" ಎಂಬ ಭವಾನಕ್ಕನ ದನಿ ಬರುತ್ತದೆ. ಅಲ್ಲಿಗೆ ರಾಜ ಮುಗಿದ. ಗೆದ್ದನೋ ಸತ್ತನೋ, ಯಾರ ಜೊತೆ ಹೋರಾಡಿದನೋ, ಯಾವುದೂ ಇಲ್ಲ. ಅಂಗಡಿಯವನನ್ನು ಕೇಳಿದರೆ ಅಂಥದ್ದು ಇನ್ನೊಂದು ಇಲ್ಲ ಎಂದ. ಎಷ್ಟೋ ಸಲ ತ್ರಿವಿಕ್ರಮ ಆ ಜಾಗದಲ್ಲಿ ಕಿವಿಯಿಂದ ವೈರು ಕಿತ್ತು, ಹಾಳಾದವಳು ಎಂದುಕೊಂಡಿದ್ದ. ತಾಯಿಯಂತೆ ಅನ್ನ ಬಡಿಸಿದವಳನ್ನು, ಪಾಠ ಹೇಳಿದವಳನ್ನು. ಬಾಯಲ್ಲಿ ಹುಳ ಬೀಳಬೇಕು ಎಂದು ಆಮೇಲೆ ತನಗೆ ತಾನೇ ಬೈದುಕೊಳ್ಳುತ್ತಿದ್ದ.

ಭದ್ರಾವತಿ ಬಸ್ಸಿನಲ್ಲಿ ಭವಾನಕ್ಕ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಇವನು ಹಿಂದೆ. ಶೀಲಾ ಹೊರಡುವಾಗ ಕೈಚೀಲಕ್ಕೆ ಕಾವ್ಯದ ಪುಸ್ತಕದ ಪಕ್ಕ ಇಸಬ್‌ಗೋಲ್ ಪೊಟ್ಟಣ ಇಟ್ಟಿದ್ದಳು. "ಮೊನ್ನೆಯಿಂದ ನೋಡ್ತಿದೀನಿ, ಕಣ್ಣು ಮುಚ್ಕೊಂಡು ಮುಖ ಹಿಂಡ್ತೀರ, ಕಾಲು ಕುಟ್ತೀರ. ನಾಚ್ಕೋಬಾರ್ದು ರೀ, ಎಲ್ರಿಗೂ ಆಗುತ್ತೆ," ಎಂದಿದ್ದಳು. ಇವನು ಹೂಂ ಎಂದಿದ್ದ. ಹೆವಿ ಮೆಟಲ್ ಅನ್ನುವುದಕ್ಕಿಂತ ಮಲಬದ್ಧತೆ ಅನ್ನುವುದೇ ಗೌರವ. ಬೇಡ, ಇವತ್ತು ಬೇಡ, ಇವತ್ತಿನ ಪದ್ಯಗಳನ್ನು ನೋಡಿಕೊಳ್ಳಬೇಕು ಎಂದು ಪುಸ್ತಕ ತೆಗೆದ. ಸೋಲು ಖಚಿತವೆಂದು ಗೊತ್ತಿದ್ದೂ ಮುದಿ ಸೇನಾಪತಿಯೊಬ್ಬ ರಥ ಹತ್ತುವ ಸಂಧಿ. ರಥ ಅಂದರೆ ಶರೀರ ಎಂದು ಮನಸ್ಸು ಶುರುಮಾಡಿತು. ಬೇಡ. ರಥ ಅಂದರೆ ಕಾಲ. ಅದೂ ಬೇಡ. ಪ್ರಣವನಾದರೆ ಏನು ಹೇಳುತ್ತಿದ್ದ? ಅವನು ಹೇಳುವುದೇನು, ಎದೆ ಉಬ್ಬಿಸಿ ನಿಂತರೆ ಸಾಕು, ಅವನೇ ರಥದಷ್ಟಿದ್ದಾನೆ. ಮಾಚೇನಹಳ್ಳಿ ದಾಟುವಾಗ ಪುಸ್ತಕ ಮುಚ್ಚಿ ವಾಕ್‌ಮನ್ ಕಿವಿಗೆ ಸಿಕ್ಕಿಸಿಕೊಂಡ. ಒಂದೇ ಸಲ ಎಂದುಕೊಂಡ. ಭದ್ರಾವತಿ ಬರುವಷ್ಟರಲ್ಲಿ ರಾಜ ಎರಡು ಸಲ ಬೆಟ್ಟ ಹತ್ತಿದ್ದ. ಪಕ್ಕದಲ್ಲಿದ್ದವನು ಸೀಟು ಬದಲಾಯಿಸಿದ್ದ.

ಭಜನಾ ಮಂದಿರದಲ್ಲಿ ಎಂದಿನ ಜನ. ಕಾರ್ಖಾನೆಯಿಂದ ನಿವೃತ್ತರಾದವರು, ಅವರ ಹೆಂಡಿರು, ಗೋಡೆಗೊರಗಿ ಹತ್ತಿ ಹೊಸೆದು ಹೂಬತ್ತಿ ಮಾಡುತ್ತಾ ಕೇಳುವ ನಾಲ್ಕೈದು ಮುದುಕಿಯರು. ಮೊದಲ ಸಾಲಿನಲ್ಲಿ ಓಬಯ್ಯ. ಕಾರ್ಖಾನೆಯ ಕುಲುಮೆ ಪಕ್ಕ ಕೆಲಸ ಮಾಡಿ ಕಿವಿ ಸ್ವಲ್ಪ ಮಂದವಾದ ದೊಡ್ಡ ಆಳು. ಭವಾನಕ್ಕ ಓದುವಾಗ ಎಚ್ಚರವಾಗಿರುತ್ತಿದ್ದ, ತ್ರಿವಿಕ್ರಮ ಬಾಯಿ ತೆರೆದ ತಕ್ಷಣ ನಿದ್ದೆ ಹೋಗುತ್ತಿದ್ದ. ಅಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದ್ದಿಲ್ಲ. ಎದುರಿಗೇ ಕೂತು ಗೊರಕೆ ಹೊಡೆಯುವವನನ್ನು ನೋಡಿಕೊಂಡು ಮೋಕ್ಷದ ವಿಚಾರ ಮಾತಾಡುವುದು ಎಷ್ಟು ಕಷ್ಟ ಎಂದು ಮಾತಾಡಿದವರಿಗೇ ಗೊತ್ತು. ಮೈಕನ್ನು ಇಳಿಸಿದರು. ಶ್ರುತಿ ಪೆಟ್ಟಿಗೆ ಹಾಕಿದರು. ಭವಾನಕ್ಕ ಗಂಟಲು ಸರಿಮಾಡಿಕೊಂಡು ಇವನ ಕಡೆ ನೋಡಲೇ ಇಲ್ಲ.

ಮೊದಲ ಪದ್ಯ ಓದಿದಳು. ಚೆನ್ನಾಗಿ ಓದಿದಳು. ಸೇನಾಪತಿ ರಥದ ಹತ್ತಿರ ಬಂದು ನಿಂತ. ತ್ರಿವಿಕ್ರಮ ಅರ್ಥ ಹೇಳಲು ಶುರುಮಾಡಿದ, ಇಲ್ಲಿ ಕವಿ ಸಾಂಕೇತಿಕವಾಗಿ ಎಂದ, ಓಬಯ್ಯನ ಗಲ್ಲ ಎದೆಗೆ ಬಂತು. ಮೈಕು ಒಂದು ಬೆರಳಷ್ಟು ಇಳಿಯಿತು. ಎರಡನೇ ಪದ್ಯ. ಮತ್ತೆ ಸಾಂಕೇತಿಕವಾಗಿ. ಮೈಕು ಎರಡು ಬೆರಳು. ಭವಾನಕ್ಕ ಪುಸ್ತಕದ ಹಾಳೆಯನ್ನು ಸುಮ್ಮನೆ ಹಿಂದೆ ಮುಂದೆ ಮಗುಚಿದಳು, ಅವಳು ಹಾಗೆ ಮಾಡುವವಳಲ್ಲ, ಮುಗಿಯಿತು, ಮನಸ್ಸಿನಲ್ಲೇ ಹೊಳೆಹೊನ್ನೂರಿಗೆ ಹೇಳಿ ಕಳಿಸಿದಳು ಎಂದು ಇವನಿಗೆ ಖಾತ್ರಿಯಾಯಿತು. ಮೂರನೇ ಪದ್ಯಕ್ಕೆ ಸೇನಾಪತಿ ರಥ ಹತ್ತಿದ. ಆ ಹೊತ್ತಿನಲ್ಲಿ ಅವನ ಮನಸ್ಸು ಹೇಗಿತ್ತು, ಅದಕ್ಕೊಂದು ದೃಷ್ಟಾಂತ ಕೊಡಬೇಕು ಅಂದರೆ, ಎಂದು ತ್ರಿವಿಕ್ರಮ ಶುರುಮಾಡಿದ. ದೃಷ್ಟಾಂತ ಯಾವುದೂ ತಲೆಗೆ ಬರಲಿಲ್ಲ. ತಲೆಯಲ್ಲಿ ಇದ್ದದ್ದು ಗಾಳಿಯ ಸದ್ದು ಮಾತ್ರ.

"ಹಿಂದೆ ಉತ್ತರದ ಕಡೆ ಒಬ್ಬ ರಾಜ ಇದ್ದ," ಎಂದ. ತನ್ನ ದನಿ ಕೇಳಿ ತನಗೇ ಗಾಬರಿಯಾಯಿತು, ಆದರೆ ನಿಲ್ಲಿಸಿದರೆ ಏನು ಹೇಳುವುದು ಎಂಬ ಗಾಬರಿ ಇನ್ನೂ ದೊಡ್ಡದು. "ಅವನ ಅಪ್ಪನ್ನ ಯಾರೋ ಕೊಂದಿದ್ರು. ಯಾರು ಅಂತ ಗೊತ್ತಾಗೋದಿಲ್ಲ. ರಾಜ್ಯ ಇರ್ಲಿಲ್ಲ, ಸೈನ್ಯ ಇರ್ಲಿಲ್ಲ, ಅವನ ಹತ್ರ ಇದ್ದದ್ದು ಅಪ್ಪನ ಖಡ್ಗ ಒಂದೇ. ಖಡ್ಗ ಅಂದ್ರೆ ಇಲ್ಲಿ..." ಬಾಯಿ ಅಭ್ಯಾಸಬಲದಿಂದ ವಿವೇಕದ ಕಡೆ ಹೊರಟಿತ್ತು. ಭವಾನಕ್ಕ ಮೊದಲ ಸಲ ತಿರುಗಿ ನೋಡಿದಳು. "ಖಡ್ಗ ಅಂದ್ರೆ ಖಡ್ಗ," ಎಂದ. ಓಬಯ್ಯ ಒಂದು ಕಣ್ಣು ತೆರೆದ.

ಆಮೇಲೆ ಕುದುರೆಗಳು ಹೊರಟವು. ತ್ರಿವಿಕ್ರಮನ ಬಲಗಾಲು ನೆಲಕ್ಕೆ ಡುಗುಡುಗು ಎಂದು ಬೀಳತೊಡಗಿತು, ಮಾತು ಅದರ ಮೇಲೆ ಕೂತು ಓಡಿತು. ಹಿಮ ಅಂದರೆ ಏನು ಎಂದು ಭದ್ರಾವತಿಯ ಬಿಸಿಲಿನಲ್ಲಿ ಹೇಳಿದ, ಉಸಿರು ಬಿಟ್ಟರೆ ಬಾಯಿಂದ ಹೊಗೆ ಬರುವುದನ್ನು ಹೇಳಿದ, ಕುದುರೆ ಸತ್ತಿದ್ದನ್ನು ಹೇಳಿದ. ಕುದುರೆ ಹಾಡಿನಲ್ಲಿ ಸಾಯುತ್ತದೋ ಇಲ್ಲವೋ, ಇವನಿಗೆ ಅದು ಸತ್ತೇ ಸತ್ತಿತ್ತು, ಮುದುಕಿಯೊಬ್ಬಳು ಅಯ್ಯೋ ಶಿವನೇ ಎಂದಳು. ಮೈಕು ಎದೆಗೆ ಇಳಿದಿತ್ತು. ಇವನು ಬಗ್ಗಲಿಲ್ಲ. ಬಗ್ಗಬೇಕೆಂದು ನೆನಪೂ ಆಗಲಿಲ್ಲ. ಅದು ಇನ್ನೂ ಇಳಿದಾಗ ಕುತ್ತಿಗೆ ಹಿಡಿದು ತಿರುಚಿ ಕಿತ್ತುಕೊಂಡು ಕೈಯಲ್ಲಿ ಹಿಡಿದ, ವೈರು ಎಳೆದುಕೊಂಡು ಎದ್ದು ನಿಂತ, ಕಾಲು ಅಗಲಿಸಿದ. ಗಮಕದಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಹಾಡಿನ ನಡುವೆ ಮಾತಿಲ್ಲದೆ ಗಿಟಾರು ಮಾತ್ರ ಬರುವ ಜಾಗವೊಂದಿತ್ತು, ಅಲ್ಲಿ ಇವನ ಹತ್ತಿರವೂ ಮಾತಿರಲಿಲ್ಲ. ಕಣ್ಣು ಮುಚ್ಚಿ, ಮುಖ ಹಿಂಡಿ, ಎಡಗೈ ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಾ ಅಷ್ಟು ಹೊತ್ತೂ ಸುಮ್ಮನೆ ನಿಂತುಬಿಟ್ಟ. ಜನ ಅವನಿಗೆ ದುಃಖ ಉಕ್ಕಿ ಬಂದಿದೆ ಎಂದುಕೊಂಡರು. ಯಾರೋ ಕುಡಿಯಲು ನೀರು ತಂದು ಕೆಳಗಿಟ್ಟರು. ಹೂಬತ್ತಿಯ ಕೈಗಳು ನಿಂತಿದ್ದವು, ಓಬಯ್ಯ ಮಂಡಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದ. ಇವನು ಕಣ್ಣು ತೆರೆದು ಅದನ್ನು ಕಂಡ. ಇಷ್ಟು ವರ್ಷದಲ್ಲಿ ಓಬಯ್ಯನ ಕಣ್ಣು ಯಾವ ಬಣ್ಣ ಎಂದು ಅವನಿಗೆ ತಿಳಿದದ್ದು ಅವತ್ತು.

"ತುದಿಗೆ ಬಂದ," ಎಂದ ತ್ರಿವಿಕ್ರಮ. "ಒಬ್ಬನೇ. ಸುತ್ತ ಮೋಡ. ಅಪ್ಪನ ಖಡ್ಗ ಎತ್ತಿದ. ಎತ್ತಿ..." ಬಲಗೈ ಮೇಲಕ್ಕೆ ಹೋಗಿತ್ತು, ಮುಷ್ಟಿ ಬಿಗಿದಿತ್ತು. ಕೂಗಿದ. ಬಚ್ಚಲುಮನೆಯ ಕೂಗೇ, ಆದರೆ ಇಲ್ಲಿ ತಗಡಿನ ಮಾಡು, ಮೈಕು, ಎರಡು ಸ್ಪೀಕರು. ಹೊರಗೆ ಸೈಕಲ್ ಮೇಲೆ ಹೋಗುತ್ತಿದ್ದವನು ಕಾಲೂರಿ ನಿಂತ. ಮಾಡಿನ ಪಾರಿವಾಳಗಳೆಲ್ಲ ಎದ್ದವು. ಮತ್ತು ಅಲ್ಲಿಗೆ, ಟಕ್ ಎಂದು, ಕತೆ ಮುಗಿದುಹೋಯಿತು. ಮುಂದಿನದು ಅವನ ಹತ್ತಿರ ಇರಲಿಲ್ಲ. ಕೈ ಮೇಲಿತ್ತು, ಜನ ನೋಡುತ್ತಿದ್ದರು, ಶ್ರುತಿ ಪೆಟ್ಟಿಗೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಏನಾದರೂ ಹೇಳಬೇಕು. ತಲೆ ಖಾಲಿಯಾದಾಗ ನಾಲಿಗೆ ತನಗೆ ರೂಢಿಯಿದ್ದ ಮಾತನ್ನೇ ಆಡುತ್ತದೆ. "ಮುಂದೆ ಏನಾಯ್ತು ಅನ್ನೋದನ್ನ ಕವಿಯ ಮಾತಲ್ಲೇ ಕೇಳೋಣ," ಎಂದುಬಿಟ್ಟ.

ಹೇಳಿದ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು. ಗಮಕದಲ್ಲಿ ಆ ಮಾತು ಬಂತು ಅಂದರೆ ಓದುವವರು ಮುಂದಿನ ಪದ್ಯ ಎತ್ತಲೇಬೇಕು, ಅದು ಪದ್ಧತಿ, ತಪ್ಪಿಸುವ ಹಾಗಿಲ್ಲ. ಮಂದಿರದ ಅಷ್ಟೂ ಕಣ್ಣು ಭವಾನಕ್ಕನ ಕಡೆ ತಿರುಗಿದವು. ಅವಳು ಪುಸ್ತಕ ನೋಡಿದಳು. ಪುಸ್ತಕದಲ್ಲಿ ಸೇನಾಪತಿ ರಥದ ಮೇಲೆ ಕೂತು ಕಾಯುತ್ತಿದ್ದ, ಹಿಮದ ಬೆಟ್ಟ ಎಲ್ಲಿಂದ ಬರಬೇಕು. ಅವಳು ತ್ರಿವಿಕ್ರಮನನ್ನು ನೋಡಿದಳು. ಅವನು ಕೈ ಇಳಿಸುವುದನ್ನೂ ಮರೆತು, ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಇಷ್ಟು ವರ್ಷ ಮರ್ಯಾದೆಯಿಂದ ಓದಿಕೊಂಡು ಬಂದವಳ ಮಾನವನ್ನು ನಡುಬೀದಿಯಲ್ಲಿ ಹರಾಜು ಹಾಕಿದೆನಲ್ಲ, ನಾನು ಮನುಷ್ಯನೇ ಅಲ್ಲ, ಈಗ ಅವಳು ಪುಸ್ತಕ ಮುಚ್ಚಿ ಎದ್ದು ಹೋಗುತ್ತಾಳೆ, ಹೋಗಲಿ, ನನಗೆ ಆಗಬೇಕಾದ್ದೇ. ಭವಾನಕ್ಕ ಪುಸ್ತಕ ಮುಚ್ಚಿದಳು. ಕನ್ನಡಕ ತೆಗೆದು ಅದರ ಮೇಲಿಟ್ಟಳು. ಕಣ್ಣು ಮುಚ್ಚಿ, ಇವನು ಕೂಗಿ ನಿಲ್ಲಿಸಿದ್ದ ಅದೇ ಮೇಲಿನ ಸ್ವರದಲ್ಲಿ, ಎಂದೂ ಹಿಡಿಯದ ಎತ್ತರದಲ್ಲಿ, ಎತ್ತಿದಳು:

ಮುಗಿಲ ಮುಟ್ಟಿದ ಮಂಜು ಬೆಟ್ಟದ
ಮಿಗಿಲ ಶಿಖರದಿ ನಿಂತು ಭೂಪತಿ
ಹಗೆಯನರಸುತ ಕೂಗೆ ತನ್ನದೆ ಕೂಗು ಮಾರ್ದನಿಸೆ
ನಗುತಲಿಳುಹಿದ ಪಿತನ ಖಡ್ಗವ
ಬಗೆಯ ಬಿಸಿಯಲಿ ಮಂಜು ಕರಗಿತು
ಹೊಗೆಯ ಕಾಣುತ ಮನೆಯ ದಾರಿಯ ಹಿಡಿದನಾ ನೃಪನು

ಎರಡನೇ ಸಲ ಓದುವಾಗ ಕೊನೆಯ ಸಾಲನ್ನು ನಿಧಾನ ಮಾಡಿದಳು. ತ್ರಿವಿಕ್ರಮ ಅರ್ಥ ಹೇಳಬೇಕಿತ್ತು. "ಮನೆಗೆ ಹೋದ," ಎಂದಷ್ಟೇ ಹೇಳಿ ಕೂತ. ಮುದುಕಿಯೊಬ್ಬಳು, ಸದ್ಯ, ಹೋದನಲ್ಲ, ಎಂದು ಮತ್ತೆ ಹತ್ತಿ ಕೈಗೆತ್ತಿಕೊಂಡಳು. ಮಂಗಳ ಮುಗಿದು ಪ್ರಸಾದ ಹಂಚುವಾಗ ಓಬಯ್ಯ ಹತ್ತಿರ ಬಂದ. ಬೈಯಲಿಕ್ಕೇ ಬಂದ ಎಂದು ಇವನು ಎದ್ದು ನಿಂತ. "ಸ್ವಾಮಿ," ಎಂದ ಓಬಯ್ಯ, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ, "ಇಷ್ಟು ವರ್ಷ ಈ ಭಾಗ ಯಾಕೆ ಬಿಟ್ಟಿದ್ರಿ?" ತ್ರಿವಿಕ್ರಮ ಬಾಯಿ ತೆರೆದ. ಭವಾನಕ್ಕ ಹಿಂದಿನಿಂದ, ಕೋಸಂಬರಿ ಬಾಯಲ್ಲಿಟ್ಟುಕೊಂಡೇ, "ವರ್ಷಕ್ಕೊಂದ್ಸಲ ಅಷ್ಟೇ ಓದೋದು ಓಬಯ್ಯ," ಎಂದಳು.

ವಾಪಸು ಬಸ್ಸು ಖಾಲಿ.

ಭವಾನಕ್ಕ ಕಿಟಕಿ ಪಕ್ಕ ಕೂತು, ಪಕ್ಕದ ಸೀಟನ್ನು ಕೈಯಿಂದ ತಟ್ಟಿದಳು. ಇವನು ಕೂತ. ಸಂಜೆಯ ಬಿಸಿಲು ಅಡ್ಡ ಬಿದ್ದಿತ್ತು, ಕಂಡಕ್ಟರ್ ಟಿಕೆಟ್ ಕೊಟ್ಟು ಹೋದ. ಕ್ಷಮೆ ಕೇಳಬೇಕು ಎಂದು ತ್ರಿವಿಕ್ರಮ ಮನಸ್ಸಿನಲ್ಲೇ ಮೂರು ನಾಲ್ಕು ಥರ ಮಾತು ಜೋಡಿಸಿದ, ಎಲ್ಲವೂ ಸಾಂಕೇತಿಕವಾಗಿ ಬಂದವು.

"ಯಾವ ಕಾವ್ಯ ಅದು?" ಎಂದಳು.

"ಕಾವ್ಯ ಅಲ್ಲ ಭವಾನಕ್ಕ. ಕ್ಯಾಸೆಟ್ಟು."

"ಮನೆಗೆ ಹೋಗ್ತಾನಾ ಅದ್ರಲ್ಲೂ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನೋ? ಕೇಳಿಲ್ವಾ ನೀನು?"

"ಕೇಳಕ್ಕೆ ಆಗಲ್ಲ. ನೀವು ಯಾಕೆ ಅವನನ್ನ ಮನೆಗೆ ಕಳಿಸಿದ್ರಿ?"

"ಇನ್ನೇನ್ ಮಾಡ್ಲಿ ಮಾರಾಯ, ಯಾರ ಜೊತೆ ಜಗಳ ಅಂತಾನೇ ನೀನು ಹೇಳ್ಲಿಲ್ಲ. ಬಸ್ಸಿಗೂ ಹೊತ್ತಾಗಿತ್ತು," ಎಂದಳು ಭವಾನಕ್ಕ. "ಎಲ್ಲಿ, ಕೊಡು ನೋಡೋಣ."

ಇವನು ಕೈಚೀಲದಿಂದ ವಾಕ್‌ಮನ್ ತೆಗೆದ, ಜೊತೆಗೆ ಇಸಬ್‌ಗೋಲ್ ಪೊಟ್ಟಣವೂ ಬಂತು, ಅದನ್ನು ಒಳಗೆ ತುರುಕಿದ. ಕ್ಯಾಸೆಟ್ಟನ್ನು ಹಾಡಿನ ಮೊದಲಿಗೆ ತಿರುಗಿಸಿ ವೈರಿನ ಒಂದು ತುದಿ ಅವಳಿಗೆ ಕೊಟ್ಟು ಇನ್ನೊಂದನ್ನು ತಾನು ಇಟ್ಟುಕೊಂಡ. ಗಾಳಿ ಬೀಸಿತು. ಬಾಗಿಲು ತೆರೆಯಿತು. ಕುದುರೆಗಳು ಬಂದಾಗ ಅವಳು ಹುಬ್ಬು ಗಂಟು ಹಾಕಿ ಇವನನ್ನು ನೋಡಿದಳು, ಅವಳು ನಗುತ್ತಾಳೆ ಎಂದು ಇವನು ಹಲ್ಲು ಕಚ್ಚಿ ಕೂತ. ಅವಳು ನಗಲಿಲ್ಲ. ಗಂಡಸರು ಓ ಎಂದಾಗ ಅವಳ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. "ಗಂಟಲು ಕೆಡಿಸ್ಕೊಳ್ತಾನೆ ಪಾಪ, ಹೊಟ್ಟೆಯಿಂದ ತೆಗೀಬೇಕು," ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, "ಆದ್ರೆ ಭಯ ಇಲ್ಲ ನೋಡು ಇವನಿಗೆ," ಎಂದಳು. ರಾಜ ಬೆಟ್ಟ ಹತ್ತಿದ, ತುದಿಗೆ ಬಂದ, ಖಡ್ಗ ಎತ್ತಿದ, ಕೂಗಿದ. ಟಕ್ ಎಂದಿತು. ಆಗ್ತಿದ್ಯೇನೋ ರೆಕಾರ್ಡು, ಕೆಂಪು ದೀಪ ಹತ್ತಿದ್ಯಾ, ಎಂದು ಭವಾನಕ್ಕ ಭವಾನಕ್ಕನ ಕಿವಿಯಲ್ಲಿ ಕೇಳಿದಳು.

ಅವಳು ವೈರನ್ನು ಕಿವಿಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅದರೊಳಗಿಂದ ಅವಳದೇ ದನಿ ಸಣ್ಣಗೆ ಪದ್ಯ ಓದುತ್ತಿತ್ತು.

"ಅಯ್ಯೋ," ಎಂದಳು. "ಅವನನ್ನ ಅಲ್ಲಿ ನಿಲ್ಲಿಸಿ ನಾನು ಬಂದ್ಬಿಟ್ನಲ್ಲೋ."

"ಹೂಂ ಭವಾನಕ್ಕ."

"ಮಳೆಗಾಲಕ್ಕೆ ಮುಂಚೆಯಿಂದ?"

"ಹೂಂ."

"ಕೈ ಎತ್ಕೊಂಡೇ? ಆ ಚಳೀಲಿ?"

ತ್ರಿವಿಕ್ರಮ ತಲೆಯಾಡಿಸಿದ. ನಗುವೋ ಅಳುವೋ ಏನೋ ಮೇಲೆ ಬರುತ್ತಿತ್ತು, ಯಾವುದು ಬಂದರೂ ಆಗಬಹುದಾಗಿತ್ತು. ಮಾಚೇನಹಳ್ಳಿ ಬಂದು ಹೋಯಿತು.

"ಶ್ರುತೀನೂ ಕಮ್ಮಿ ಹಿಡಿದಿದೀನಿ ನೋಡು ಇದ್ರಲ್ಲಿ," ಎಂದಳು. "ಅವನು ನಿಲ್ಲಿಸಿದಲ್ಲಿಂದಲೇ ಹಿಡೀಬೇಕಿತ್ತು. ಇವತ್ತು ಹಿಡಿದ್ನಲ್ಲ, ಹಂಗೆ. ನಾಳೆ ಸಂಜೆ ಆ ರೆಕಾರ್ಡು ಮಾಡೋ ಡಬ್ಬಿ ತಗೊಂಡು ಮನೆ ಹತ್ರ ಬಾ. ಇದನ್ನ ಅಳಿಸಿ ಮೊದ್ಲಿಂದ ಹಾಡ್ತೀನಿ. ಮೊದ್ಲು ಅವನನ್ನ ಮನೆಗೆ ಕಳ್ಸಿ, ಆಮೇಲೆ ನಮ್ಮ ಸೇನಾಪತಿ." ಕೈಯಲ್ಲಿದ್ದ ವೈರನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. "ಹಿಂದಕ್ಕೆ ತಿರುಗ್ಸು. ಕುದುರೆ ಬರೋ ಜಾಗಕ್ಕೆ."